ಮರ್ವ್ ಪ್ರಾಟ್ ಹೆಸರಿನ ಸ್ಪಾಂಜ್ ಕೇಕು

ನೊಲೀನ್ ಪ್ರಾಟ್ ಕುರ್ಚಿಗೆ ಕಾಲು ತಾಗಿದರೆ ಕುರ್ಚಿಯ ಹತ್ತಿರ ಕ್ಷಮೆ ಕೇಳುವ ಹೆಂಗಸು. ಇದು ಬಣ್ಣ ಹಚ್ಚಿ ಹೇಳಿದ ಮಾತಲ್ಲ, ನಾನೇ ಕಿವಿಯಾರೆ ಕೇಳಿದ್ದೇನೆ. ನಮ್ಮೂರು ಕುರಾಬಿನ್ನಿನ ಶಾಲೆಯ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷ ಮಕ್ಕಳಿಗೆ ಮಾಂಸದ ಪೈ ಬಿಸಿ ಮಾಡಿ ಕೊಟ್ಟಳು. ಅಷ್ಟು ವರ್ಷದಲ್ಲಿ ಒಂದೇ ಒಂದು ಪೈ ಸೀದಿಲ್ಲ. ಆದರೂ ಪ್ರತಿ ಪೈ ಕೊಡುವಾಗಲೂ "ಸ್ವಲ್ಪ ಜಾಸ್ತಿ ಕೆಂಪಾಯ್ತೇನೋ ಪುಟ್ಟಾ, ಬೇಡ ಅಂದ್ರೆ ಬೇರೆ ಕೊಡ್ತೀನಿ" ಅನ್ನುತ್ತಿದ್ದಳು. ಮಕ್ಕಳು ಅಷ್ಟರಲ್ಲಿ ಅರ್ಧ ತಿಂದಿರುತ್ತಿದ್ದವು.

ನಾನು ಡಾಟ್ ಫೆನ್ವಿಕ್. ಪ್ರತಿ ಸೆಪ್ಟೆಂಬರಿನಲ್ಲಿ ನಡೆಯುವ ನಮ್ಮೂರಿನ ಕೃಷಿ ಪ್ರದರ್ಶನದಲ್ಲಿ ಕೇಕ್ ವಿಭಾಗ ನನ್ನ ಸುಪರ್ದಿಗೆ ಬಂದು ಮೂವತ್ತೊಂದು ವರ್ಷವಾಯಿತು. ಅರ್ಜಿ ತೆಗೆದುಕೊಳ್ಳುವುದು, ತಟ್ಟೆಗಳಿಗೆ ನಂಬರ್ ಅಂಟಿಸುವುದು, ತೀರ್ಪುಗಾರರ ಪಕ್ಕ ಚಾಕು ಹಿಡಿದು ನಿಲ್ಲುವುದು, ಅವರು ಹೇಳಿದ್ದನ್ನು ಕಾರ್ಡಿನ ಮೇಲೆ ಬರೆಯುವುದು, ನೊಣ ಓಡಿಸುವುದು, ಇವಿಷ್ಟು ನನ್ನ ಕೆಲಸ. ಕೇಕಿನ ಬಗ್ಗೆ ನನಗೆ ಅಭಿಪ್ರಾಯ ಇರಬಾರದು ಅನ್ನುವುದು ನಿಯಮ. ಹಾಗಾಗಿ ಮೂವತ್ತೊಂದು ವರ್ಷದ ಅಭಿಪ್ರಾಯವೆಲ್ಲ ಒಳಗೇ ಕೂತು ಹುಳಿಯಾಗಿದೆ.

ನೊಲೀನಳ ಸ್ಪಾಂಜ್ ಕೇಕನ್ನು ನಾನು ಮೊದಲು ತಿಂದದ್ದು ಒಂದು ಸಾವಿನ ಮನೆಯಲ್ಲಿ. ಸತ್ತವರು ಯಾರೆಂದು ಈಗ ನೆನಪಿಲ್ಲ, ಕೇಕು ನೆನಪಿದೆ. ಬಾಯಿಗಿಟ್ಟರೆ ಇತ್ತೋ ಇಲ್ಲವೋ ಅನ್ನುವಷ್ಟು ಹಗುರ. ಬಾತುಕೋಳಿ ಮೊಟ್ಟೆ ಹಾಕುತ್ತಿದ್ದಳು, ಹಿಟ್ಟನ್ನು ಮೂರು ಸಲ ಜರಡಿ ಹಿಡಿಯುತ್ತಿದ್ದಳು. ಓವನ್ನಿನಿಂದ ಹೊರಗೆ ತೆಗೆದ ತಕ್ಷಣ ತಗಡಿನ ಅಚ್ಚನ್ನು ಮೊಣಕಾಲೆತ್ತರದಿಂದ ನೆಲಕ್ಕೆ ಧಪ್ ಅಂತ ಬಿಡುತ್ತಿದ್ದಳು, ಒಳಗಿನ ಹಬೆ ಒಂದೇ ಏಟಿಗೆ ಹೊರಗೆ ಹೋಗಿ ಕೇಕು ಕುಗ್ಗದೆ ಉಳಿಯಲಿ ಅಂತ. ಈ ಒಂದು ಕೆಲಸದಲ್ಲಿ ಮಾತ್ರ ಅವಳ ಕೈ ನಡುಗುತ್ತಿರಲಿಲ್ಲ.

"ಇದನ್ನ ಪ್ರದರ್ಶನಕ್ಕೆ ಹಾಕೇ" ಅಂದೆ.

"ಅಯ್ಯೋ, ನಾನ್ಯಾರು ಅಂತ ಹಾಕ್ಲಿ?" ಅಂದಳು.

ಇದು ಅವಳೊಬ್ಬಳ ಕಾಯಿಲೆಯಲ್ಲ, ಊರಿನ ನೀರಿನಲ್ಲೇ ಇದೆ. ಕುರಾಬಿನ್‌ನಲ್ಲಿ ಅತಿ ದೊಡ್ಡ ಹೊಗಳಿಕೆ ಅಂದರೆ "ಪರವಾಗಿಲ್ಲ". "ಚೆನ್ನಾಗಿದೆ" ಅನ್ನುವುದನ್ನು ಸತ್ತವರಿಗೆ ಮತ್ತು ಓಟದ ಕುದುರೆಗಳಿಗೆ ಮೀಸಲಿಟ್ಟಿದ್ದೇವೆ. ಯಾರಾದರೂ ಬೇಲಿಗಿಂತ ಒಂದು ಗೇಣು ಎತ್ತರಕ್ಕೆ ತಲೆ ಎತ್ತಿದರೆ ಸಾಕು, "ಓಹೋ, ಇವಳಿಗೆ ಕೋಡು ಮೂಡ್ತು ನೋಡು" ಅಂತ ಇಡೀ ಊರು ಕತ್ತರಿ ಹಿಡಿದು ಬರುತ್ತದೆ. ನೊಲೀನಳ ಅಮ್ಮನಂತೂ ಮಗಳು ಕನ್ನಡಿ ಮುಂದೆ ಎರಡು ನಿಮಿಷ ನಿಂತರೂ "ಏನು, ಮಹಾರಾಣಿ ಅಂದ್ಕೊಂಡ್ಯಾ?" ಅನ್ನುತ್ತಿದ್ದಳಂತೆ. ಅಮ್ಮ ಮಣ್ಣು ಸೇರಿದರೂ ಆ ದನಿ ಮಗಳ ತಲೆಯಲ್ಲೇ ಬಾಡಿಗೆ ಇಲ್ಲದೆ ಉಳಿದುಕೊಂಡಿತು.

ಆದರೆ ಆಸೆ ಇರಲಿಲ್ಲ ಅನ್ನಬೇಡಿ. ಆರು ವರ್ಷ, ಪ್ರತಿ ವರ್ಷ, ಅರ್ಜಿ ಮುಗಿಯುವ ಬುಧವಾರ ಸಂಜೆ ಐದಕ್ಕೆ ಹತ್ತು ನಿಮಿಷ ಇದ್ದಾಗ ಬರುತ್ತಿದ್ದಳು. ಅರ್ಜಿ ತುಂಬುತ್ತಿದ್ದಳು. ಹೆಸರು ಬರೆಯುವ ಜಾಗಕ್ಕೆ ಬಂದಾಗ ಪೆನ್ನು ನಿಲ್ಲುತ್ತಿತ್ತು. ಕಾಗದ ನಾಲ್ಕು ಚೂರಾಗಿ ಕೈಚೀಲ ಸೇರುತ್ತಿತ್ತು. ಏಳನೆಯ ವರ್ಷ ಪೆನ್ನು ನಿಂತಿತು, ಯೋಚಿಸಿತು, ಮತ್ತೆ ಓಡಿತು. ನಾನು ತಿರುಗಿಸಿ ನೋಡಿದೆ. 'ಮರ್ವಿನ್ ಪ್ರಾಟ್' ಅಂತಿತ್ತು. ಅವಳ ಗಂಡ.

"ಏನೇ ಇದು?"

"ಸೋತ್ರೆ ಅವ್ನು ನಕ್ಕು ಸುಮ್ಮನಾಗ್ತಾನೆ ಡಾಟ್. ನಾನಾದ್ರೆ ಸತ್ತೇ ಹೋಗ್ತೀನಿ."

ಕೇಕು ಹಾಕಿದವರೇ ಅದನ್ನು ಮಾಡಿರಬೇಕು ಅನ್ನುವುದು ನಿಯಮ. ನಾನು ಆ ಅರ್ಜಿಯನ್ನು ಅಲ್ಲೇ ವಾಪಸು ಕೊಡಬೇಕಿತ್ತು. ಕೊಡಲಿಲ್ಲ. ಆ ಕೇಕು ಒಮ್ಮೆಯಾದರೂ ಮೇಜಿನ ಮೇಲೆ ಕೂತದ್ದನ್ನು ನೋಡುವ ಚಪಲ ನನಗಿತ್ತು. ಮುಂದೆ ಆದದ್ದಕ್ಕೆಲ್ಲ ನನ್ನ ಪಾಲೂ ಇದೆ ಅಂತ ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ಮರ್ವ್ ಪ್ರಾಟ್ ಪುರಸಭೆಯ ಗ್ರೇಡರ್ ಓಡಿಸಿ ಮಣ್ಣಿನ ರಸ್ತೆ ಸಮ ಮಾಡುವವನು. ಒಳ್ಳೆಯ ಮನುಷ್ಯ. ಅಡಿಗೆಮನೆಯಲ್ಲಿ ಅವನಿಗೆ ಗೊತ್ತಿದ್ದದ್ದು ಬಿಯರ್ ಇಡುವ ಫ್ರಿಜ್ ಒಂದೇ. ಅವನ ಹೆಸರಿನ ಕೇಕು ಆ ವರ್ಷ ಮೊದಲ ಬಹುಮಾನ ಹೊಡೆಯಿತು. ಹತ್ತು ವರ್ಷದಿಂದ ಗೆಲ್ಲುತ್ತಿದ್ದ ವಾಲ್ಡಾ ಕ್ರಿಪ್ಸ್ ಎರಡನೆಯ ಜಾಗಕ್ಕೆ ಇಳಿದಳು. ಹೆಂಗಸರ ಸ್ಪರ್ಧೆಯಲ್ಲಿ ಗ್ರೇಡರ್ ಓಡಿಸುವವ ಗೆದ್ದ ಅಂತ ವಾರಪತ್ರಿಕೆಯವರು ಓಡಿ ಬಂದು, ಅವನಿಗೆ ಹೂವಿನ ಚಿತ್ತಾರದ ಏಪ್ರನ್ ಕಟ್ಟಿಸಿ ಫೋಟೋ ತೆಗೆದರು. ಫೋಟೋದಲ್ಲಿ ನೊಲೀನಳೂ ಇದ್ದಳು, ಅರ್ಧ ಮೊಣಕೈಯಷ್ಟು.

ಇಲ್ಲಿ ಮರ್ವ್‌ಗೆ ನ್ಯಾಯ ಸಲ್ಲಿಸಬೇಕು. ಅವನು ಮೊದಲ ದಿನವೇ ನಿಜ ಹೇಳಿದ. ಪಬ್ಬಿನಲ್ಲಿ ಎಲ್ಲರ ಎದುರು, "ನಂಗೂ ಅದಕ್ಕೂ ಸಂಬಂಧ ಇಲ್ರಪ್ಪಾ, ನಾನು ಒಂದು ಮೊಟ್ಟೇನೂ ಒಡೆದಿಲ್ಲ" ಅಂದ. ಆದರೆ ನಮ್ಮೂರಿನಲ್ಲಿ ಗೆದ್ದವನು ಹೀಗೇ ಅನ್ನಬೇಕು. ಐನೂರು ಕುರಿ ಸಾಕಿ ಬಹುಮಾನ ಗೆದ್ದವನೂ "ಕುರಿಗಳೇ ಒಳ್ಳೆಯವು, ನಾನು ಬಾಗಿಲು ತೆಗೆದೆ ಅಷ್ಟೇ" ಅನ್ನುತ್ತಾನೆ. ಹಾಗಾಗಿ ಪಬ್ಬಿಗೆ ಪಬ್ಬೇ ಅವನ ಬೆನ್ನು ತಟ್ಟಿತು.

"ನೋಡ್ರೋ, ಎಂಥಾ ವಿನಯ!" ಅಂದರು. "ಗೆದ್ರೂ ತಲೆ ತಿರುಗಿಲ್ಲ ನಮ್ಮ ಮರ್ವ್‌ಗೆ!"

"ಆಣೆ ಮಾಡಿ ಹೇಳ್ತೀನ್ರೋ, ನೊಲೀನ್ ಮಾಡಿದ್ದು."

"ಹೆಂಡ್ತಿಗೂ ಪಾಲು ಕೊಡ್ತಾನೆ ನೋಡು! ಚಿನ್ನದಂಥಾ ಮನುಷ್ಯ!"

ಮೂರು ಸಲ ನಿಜ ಹೇಳಿದ. ಪ್ರತಿ ಸಲಕ್ಕೂ ಅವನ ಕೀರ್ತಿ ಒಂದು ಸುತ್ತು ದಪ್ಪವಾಯಿತು. ನಾಲ್ಕನೆಯ ಸಲ ಸುಮ್ಮನಾದ. ಎರಡನೆಯ ವರ್ಷ ಗೆದ್ದಾಗ ಮುಗುಳ್ನಕ್ಕ. ಮೂರನೆಯ ವರ್ಷ ಗೆದ್ದಾಗ, ಹೇಗೆ ಮಾಡಿದೆ ಅಂತ ಯಾರೋ ಕೇಳಿದ್ದಕ್ಕೆ, "ಎಲ್ಲಾ ಮಣಿಕಟ್ಟಲ್ಲಿದೆ" ಅಂದ. ಅದು ಗ್ರೇಡರ್ ಓಡಿಸುವ ಮಾತಿರಬೇಕು. ಆದರೆ ವಾಲ್ಡಾ ಕ್ರಿಪ್ಸ್ ಅದನ್ನು ಚೀಟಿಯಲ್ಲಿ ಬರೆದುಕೊಂಡಳು.

ಆರನೆಯ ವರ್ಷ ಮಹಿಳಾ ಸಂಘದವರು ಅವನನ್ನು ಭಾಷಣಕ್ಕೆ ಕರೆದರು. ಟೀ ಮೇಜಿನ ಹಿಂದೆ ನಿಂತು, ಪ್ಯಾಂಟ್ ಮೇಲೆಳೆದುಕೊಂಡು, ಮುಕ್ಕಾಲು ಗಂಟೆ ಮಾತಾಡಿದ.

"ನೋಡೀಮ್ಮಾ, ಹಿಟ್ಟಿಗೆ ನಿಮ್ಮ ಭಯ ಗೊತ್ತಾಗುತ್ತೆ. ನೀವು ಹೆದರಿದ್ರೆ ಅದೂ ಹೆದರಿ ಕೂತ್ಬಿಡುತ್ತೆ. ಅರ್ಧ ಬೆಂದಾಗ ಓವನ್ ಬಾಗಿಲು ತೆಗೀರಿ, ಕೇಕಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಯಜಮಾನ ಯಾರು ಅಂತ ಅದಕ್ಕೆ ಗೊತ್ತಾಗ್ಲಿ."

ಅರ್ಧ ಬೆಂದ ಸ್ಪಾಂಜ್ ಕೇಕಿನ ಓವನ್ ತೆಗೆಯುವುದೂ ಒಂದೇ, ಅದರ ಮೇಲೆ ಕಾಲಿಡುವುದೂ ಒಂದೇ. ಅಲ್ಲಿದ್ದ ಮೂವತ್ತು ಹೆಂಗಸರಿಗೂ ಇದು ಗೊತ್ತು. ಆದರೂ ಆರು ಸಲ ಗೆದ್ದವನು ಹೇಳುವಾಗ ನಮಗೆ ಗೊತ್ತಿರುವುದೇ ತಪ್ಪಿರಬೇಕು ಅಂತ ಮೂವತ್ತೂ ತಲೆಗಳು ತೂಗಿದವು. ನಾನು ಕೊನೆಯ ಸಾಲಿನತ್ತ ತಿರುಗಿ ನೋಡಿದೆ. ನೊಲೀನ್ ಪುಸ್ತಕ ಬಿಚ್ಚಿಕೊಂಡು ಬರೆದುಕೊಳ್ಳುತ್ತಿದ್ದಳು!

ಆ ವಾರವೇ ಮನೆಯಲ್ಲಿ ಓವನ್ ತೆಗೆದು ಕೇಕಿನ ಕಣ್ಣಲ್ಲಿ ಕಣ್ಣಿಟ್ಟಳಂತೆ. ಕೇಕು ನಡುವೆ ಕುಸಿದು ಟೋಪಿ ತಿರುವಿ ಇಟ್ಟಂತೆ ಆಯಿತು. ನನ್ನ ಹತ್ತಿರ ಬಂದು ಕಣ್ಣೊರೆಸಿಕೊಂಡಳು.

"ಅವ್ನು ಹೇಳಿದ್ದು ಸರಿಯೇ ಇರ್ಬೇಕು ಡಾಟ್. ನಂಗೇ ಕೈ ಕೂಡ್ಲಿಲ್ಲ. ನಂದೆಲ್ಲಾ ಬರೀ ಅದೃಷ್ಟ ಅಂತ ಯಾವಾಗ್ಲೂ ಅನ್ನಿಸ್ತಿತ್ತು."

"ಯಾವ ಅದೃಷ್ಟ ಮಾರಾಯ್ತಿ? ಆರು ವರ್ಷದ ಅದೃಷ್ಟವಾ?"

"ಬಾತುಕೋಳಿ ಒಳ್ಳೇದಿರ್ಬೇಕು" ಅಂದಳು.

ನನಗೆ ಬಂದ ಸಿಟ್ಟಿಗೆ ಅವಳ ಬಾತುಕೋಳಿಯ ಕುತ್ತಿಗೆ ಹಿಸುಕಬೇಕು ಅನ್ನಿಸಿತು.

ಹೀಗೆ ಎಂಟು ವರ್ಷ, ಎಂಟು ಮೊದಲ ಬಹುಮಾನ. ಎಂಟೂ ಕಾರ್ಡುಗಳನ್ನು ಮರ್ವ್ ಚೌಕಟ್ಟು ಹಾಕಿಸಿ ಗೋಡೆಗೆ ಹೊಡೆದ. ನೊಲೀನ್ ಪ್ರತಿ ಶನಿವಾರ ಅವುಗಳ ಧೂಳು ಒರೆಸುತ್ತಿದ್ದಳು. ಒಂಬತ್ತನೆಯ ವರ್ಷ ಪ್ರದರ್ಶನಕ್ಕೆ ಎರಡು ವಾರ ಇರುವಾಗ ಜಿಲ್ಲೆಯಿಂದ ಬರಬೇಕಿದ್ದ ತೀರ್ಪುಗಾರ್ತಿ ಬಿದ್ದು ಸೊಂಟ ಮುರಿದುಕೊಂಡಳು. ಪ್ರದರ್ಶನದ ಕಾರ್ಯದರ್ಶಿ ಅರ್ನ್ ಟಲ್ಲಿಗೆ ಅರ್ಧ ನಿಮಿಷವೂ ಯೋಚನೆ ಬೇಕಾಗಲಿಲ್ಲ. ನೆಟ್ಟಗೆ ಮರ್ವ್ ಮನೆಗೆ ಹೋಗಿ ಬಿಳಿ ಕೋಟು ಕೊಟ್ಟು ಬಂದ. ಮರ್ವ್ ಅದನ್ನು ಇಸ್ತ್ರಿ ಮಾಡಿಸಿದ, ಹೆಂಡತಿಯ ಕೈಲಿ.

ಮಾರನೆಯ ದಿನ ನೊಲೀನ್ ನನ್ನಲ್ಲಿಗೆ ಬಂದಳು. ಕೂರಲಿಲ್ಲ.

"ಡಾಟ್, ಅವ್ನು ತೀರ್ಪುಗಾರ ಆದ್ರೆ ಅವ್ನ ಹೆಸರಲ್ಲಿ ಕೇಕು ಹಾಕೋಕ್ಕಾಗಲ್ಲ, ಅಲ್ವಾ?"

"ಆಗಲ್ಲ."

"ಹೆಂಡ್ತಿ?"

ನಿಯಮದ ಪುಸ್ತಕ ತೆಗೆದು ಇಬ್ಬರೂ ಓದಿದೆವು. 'ತೀರ್ಪುಗಾರ್ತಿಯ ಗಂಡ ಸ್ಪರ್ಧಿಸುವಂತಿಲ್ಲ' ಅಂತಿತ್ತು. ಅರವತ್ತು ವರ್ಷದಿಂದ ತೀರ್ಪು ಕೊಟ್ಟವರೆಲ್ಲ ಹೆಂಗಸರೇ. ತೀರ್ಪುಗಾರರಿಗೆ ಹೆಂಡತಿ ಇರಬಹುದು ಅಂತ ಪುಸ್ತಕ ಬರೆದವರಿಗೆ ಹೊಳೆದಿರಲಿಲ್ಲ.

"ತಡೆ ಏನಿಲ್ಲ" ಅಂದೆ.

ನೊಲೀನ್ ಕೈಚೀಲದ ಹಿಡಿ ತಿರುವುತ್ತ ನಿಂತಳು. "ನಂಗೆ ಐವತ್ತೆಂಟು. ಈ ವರ್ಷ ಕ್ಯಾಂಟೀನೂ ಬಿಡ್ತಾ ಇದೀನಿ. ಒಂದೇ ಒಂದು ಸಲ ಆ ಕಾರ್ಡಿನ ಮೇಲೆ ನನ್ನ ಹೆಸರು ನೋಡ್ಬೇಕು ಅಂತ ಆಸೆ. ಮೂರನೇದಾದ್ರೂ ಸಾಕು. ಆದ್ರೆ ಈಗ ಸೋತ್ರೆ ಮರ್ವ್ ಕೈಲೇ ಸೋಲ್ಬೇಕು."

"ತಟ್ಟೆ ಮೇಲೆ ನಂಬರ್ ಮಾತ್ರ ಇರುತ್ತೆ. ಹೆಸರು ಕಾರ್ಡಿನ ಹಿಂದೆ. ಅವ್ನಿಗೆ ಗೊತ್ತಾಗಲ್ಲ."

"ಹೇಳಲ್ಲ ತಾನೇ?"

"ನಂಗೆ ಅಭಿಪ್ರಾಯಾನೇ ಇರ್ಬಾರ್ದು ಮಾರಾಯ್ತಿ, ಇನ್ನು ಹೇಳೋದೆಲ್ಲಿ."

ಬುಧವಾರ ಐದಕ್ಕೆ ಎರಡು ನಿಮಿಷ ಇದ್ದಾಗ ಬಂದು 'ನೊ. ಪ್ರಾಟ್' ಅಂತ, ಇರುವೆ ಓದುವಷ್ಟು ಸಣ್ಣಗೆ ಬರೆದಳು. ಶುಕ್ರವಾರ ಮರ್ವ್ ತೀರ್ಪಿಗೆ ತಯಾರಾಗಲು ಕ್ಷೌರಕ್ಕೆ ಹೋದಾಗ ಕೇಕು ಮಾಡಿ, ಟವೆಲ್ ಮುಚ್ಚಿಕೊಂಡು ಹಿತ್ತಲಿನಿಂದ ನನ್ನ ಮನೆಗೆ ದಾಟಿಸಿದಳು.

ಶನಿವಾರ ಬೆಳಿಗ್ಗೆ ತಗಡಿನ ಶೆಡ್ಡಿನೊಳಗೆ ನಾನು, ಬಿಳಿ ಕೋಟಿನ ಮರ್ವ್, ಆರು ಕೇಕು, ಇನ್ನೂರು ನೊಣ. ಮರ್ವ್ ಹುಮ್ಮಸ್ಸಿನಲ್ಲಿದ್ದ. ಒಂದನೆಯದನ್ನು ಕತ್ತರಿಸಿ ಚೂರು ಬಾಯಿಗಿಟ್ಟು "ಗೊಂದಲ ಇದೆ" ಅಂದ. ಎರಡನೆಯದಕ್ಕೆ "ಹೆದರಿದೆ". ಮೂರನೆಯದು ವಾಲ್ಡಾಳದ್ದು, ನನಗೆ ತಟ್ಟೆ ಗುರುತು. "ಇದು ಗಟ್ಟಿಗಿತ್ತಿ" ಅಂದ. ಕೇಕೂ ಹಾಗೇ ಇತ್ತು, ಚಾಕು ಎರಡು ಸಲ ಒತ್ತಬೇಕಾಯಿತು.

ನಾಲ್ಕನೆಯದನ್ನು ಕತ್ತರಿಸಿದ, ಬಾಯಿಗಿಟ್ಟ, ಅಗಿಯುವುದು ನಿಂತಿತು. ಮೂವತ್ತು ವರ್ಷದಿಂದ ಪ್ರತಿ ಭಾನುವಾರ ತಿಂದ ಕೇಕು ಅದು. ನನ್ನ ಮುಖ ನೋಡಿದ. ನಾನು ನೊಣ ನೋಡಿದೆ. ಆಮೇಲೆ ಅವನಿಗೇ ಗೊತ್ತಿಲ್ಲದೆ ಕೈ ಮತ್ತೆ ಹೋಗಿ, ಕತ್ತರಿಸಿದ ತುಂಡು ಪೂರ್ತಿ ಖಾಲಿಯಾಯಿತು. ತೀರ್ಪುಗಾರರು ಉಗುರಿನಷ್ಟು ತಿನ್ನುವುದು ಪದ್ಧತಿ.

ಅವನ ತಲೆಯೊಳಗೆ ಏನು ಓಡಿತು ಅಂತ ನನಗೆ ಗಾಜಿನಲ್ಲಿ ಕಂಡಂತೆ ಕಂಡಿತು. ಇದಕ್ಕೆ ಮೊದಲ ಬಹುಮಾನ ಕೊಟ್ಟರೆ ಕಾರ್ಡು ತಿರುಗಿಸಿದಾಗ ಹೆಂಡತಿಯ ಹೆಸರು ಬರುತ್ತದೆ. ಗಂಡ ತೀರ್ಪಿಗೆ ಕೂತ ವರ್ಷವೇ ಹೆಂಡತಿ ಗೆದ್ದಳು ಅಂದರೆ ಕುರಾಬಿನ್ ಕೂಡ ಲೆಕ್ಕ ಹಾಕೀತು. ಗೋಡೆಯ ಎಂಟು ಚೌಕಟ್ಟು ಆ ಕ್ಷಣ ಅವನ ಕಣ್ಣೊಳಗೆ ತೂಗಾಡುತ್ತಿದ್ದವು.

"ಮೂರಕ್ಕೆ ಮೊದಲ್ನೇದು" ಅಂದ, ಗಂಟಲು ಕೆರೆದುಕೊಂಡು. "ನಾಲ್ಕಕ್ಕೆ ಎರಡ್ನೇದು."

ನನ್ನ ಪೆನ್ನು ಏಳಲಿಲ್ಲ.

"ಬರಿ ಡಾಟ್."

"ಏನಂತ ಬರೀಲಿ ಯಜಮಾನ್ರೇ?"

"ಪ್ರಯತ್ನ ಪರವಾಗಿಲ್ಲ. ಮಾಡಿದವರಿಗೆ ಆತ್ಮವಿಶ್ವಾಸ ಸಾಲದು."

ಬರೆದೆ. ಬರೆಯುವುದು ನನ್ನ ಕೆಲಸ. ಆದರೆ ಕೊನೆಯ ಚುಕ್ಕಿ ಇಡುವಾಗ ಕಾರ್ಡು ತೂತಾಯಿತು.

ಹನ್ನೆರಡಕ್ಕೆ ಬಾಗಿಲು ತೆಗೆದಾಗ ನೊಲೀನ್ ಮೊದಲಿಗಳು. ಭಾನುವಾರದ ಟೋಪಿ ಹಾಕಿಕೊಂಡು ಬಂದಿದ್ದಳು. ಕಾರ್ಡಿನ ಮೇಲೆ ತನ್ನ ಹೆಸರು ನೋಡಿ ಬೆರಳಲ್ಲಿ ಮುಟ್ಟಿದಳು, ಕುರುಡರು ಮುಟ್ಟುವ ಹಾಗೆ. "ಎರಡನೇದು, ಡಾಟ್! ನನ್ನ ಹೆಸರು!" ಅಂದಳು. ಆಮೇಲೆ ಕಾರ್ಡು ತಿರುಗಿಸಿ ತೀರ್ಪಿನ ಸಾಲು ಓದಿದಳು. "ಸರಿಯಾಗೇ ಹಿಡಿದಿದ್ದಾನೆ. ಎಷ್ಟಾದ್ರೂ ಅನುಭವಸ್ಥ."

ನನಗೆ ತಡೆಯಲಾಗಲಿಲ್ಲ. ಮೂವತ್ತು ವರ್ಷದಲ್ಲಿ ಎರಡನೆಯ ಸಲ ನಿಯಮ ಮುರಿದೆ. ವಾಲ್ಡಾಳ ಕೇಕಿನಿಂದ ಒಂದು ತುಂಡು ಕಿತ್ತು ನೊಲೀನಳ ಮುಂದೆ ಹಿಡಿದೆ.

"ತಿನ್ನು."

"ಅಯ್ಯೋ, ಬೇರೆಯವರ ಬಹುಮಾನದ ಕೇಕು! ರುಚಿ ನೋಡೋಕೆ ನಾನ್ಯಾರೇ?"

"ಬಾಯಿ ತೆಗೀತೀಯೋ, ತುರುಕ್ಲೋ?"

ತಿಂದಳು. ಅಗಿದಳು. ಅಗಿಯುತ್ತಲೇ ಇದ್ದಳು, ಅದು ಅಂಥಾ ಕೇಕು. ಆಮೇಲೆ ನನ್ನ ಕೈಯಿಂದ ಚಾಕು ತೆಗೆದುಕೊಂಡು ತನ್ನದರಿಂದ ಒಂದು ತುಂಡು ಕತ್ತರಿಸಿ ಅದನ್ನೂ ತಿಂದಳು. ಅಷ್ಟು ವರ್ಷ ತನ್ನ ಕೇಕಿನಲ್ಲಿ ಏನು ತಪ್ಪಿದೆ ಅಂತ ಹುಡುಕಿಕೊಂಡು ತಿಂದವಳು, ರುಚಿ ಹೇಗಿದೆ ಅಂತ ತಿಂದದ್ದು ಅವತ್ತೇ ಇರಬೇಕು. ಅವಳ ಮುಖದಲ್ಲಿ ಮೊದಲು ಗಲಿಬಿಲಿ ಬಂತು, ಆಮೇಲೆ ಒಂದು ಥರದ ದುಃಖ, ಆಮೇಲೆ ನಾನು ಅವಳಲ್ಲಿ ಎಂದೂ ನೋಡದ ಸಿಟ್ಟು.

"ಇದು ರಬ್ಬರು" ಅಂದಳು, ವಾಲ್ಡಾಳ ತಟ್ಟೆ ತೋರಿಸಿ. "ನಂದು ಇದಕ್ಕಿಂತ ಚೆನ್ನಾಗಿದೆ."

ಶೆಡ್ಡಿನಲ್ಲಿ ನಲವತ್ತು ಜನ ಇದ್ದರು. ಕುರಾಬಿನ್‌ನಲ್ಲಿ ಹೆಂಗಸೊಬ್ಬಳು ತನ್ನ ಬಾಯಲ್ಲೇ ತನ್ನದು ಚೆನ್ನಾಗಿದೆ ಅನ್ನುವುದಕ್ಕಿಂತ ಬಟ್ಟೆ ಬಿಚ್ಚಿ ನಿಲ್ಲುವುದು ಮೇಲು. ಅದೇ ಹೊತ್ತಿಗೆ ಮರ್ವ್ ಮತ್ತು ಅರ್ನ್ ಟಲ್ಲಿ ಒಳಗೆ ಬಂದರು.

"ಮರ್ವ್" ಅಂದಳು ನೊಲೀನ್, "ಗೋಡೆ ಮೇಲಿರೋ ಎಂಟೂ ನಾನು ಮಾಡಿದ್ದು. ಹೇಳು ಇವ್ರಿಗೆ."

ಮರ್ವ್ ಕೆಂಪಾದ. ಒಳ್ಳೆಯ ಮನುಷ್ಯ ಅಂತ ಆಗಲೇ ಹೇಳಿದೆನಲ್ಲ. ತಲೆ ತಗ್ಗಿಸಿ, "ಹೌದ್ರಪ್ಪಾ, ಎಲ್ಲಾ ಅವಳೇ ಮಾಡಿದ್ದು" ಅಂದ.

ಆಮೇಲೆ ಅರ್ನ್ ಟಲ್ಲಿ ಕಣ್ಣು ಒದ್ದೆ ಮಾಡಿಕೊಂಡು ಮರ್ವ್‌ನ ಹೆಗಲ ಮೇಲೆ ಕೈ ಹಾಕಿದ. "ನೋಡಿದ್ರಾ? ಹೆಂಡ್ತಿ ಮಾನ ಹೋಗ್ಬಾರ್ದು ಅಂತ ತನ್ನ ಎಂಟು ಬಹುಮಾನಾನೂ ಬಿಟ್ಟುಕೊಟ್ಟ! ಇಂಥವ್ನು ಸಿಗ್ತಾನಾ?" ನಲವತ್ತು ಜನರೂ ಚಪ್ಪಾಳೆ ತಟ್ಟಿದರು. ನೊಲೀನಳತ್ತ ನೋಡಿದವರ ಮುಖದಲ್ಲಿ ಪಾಪ ಅನ್ನುವ ಭಾವ ಇತ್ತು. ಎರಡನೆಯ ಬಹುಮಾನಕ್ಕೇ ತಲೆ ಕೆಟ್ಟಿತು ಅಂತ ವಾಲ್ಡಾ ಯಾರಿಗೋ ಪಿಸುಗುಟ್ಟಿದಳು.

ಹಳೆಯ ನೊಲೀನ್ ಆಗಿದ್ದರೆ ಅಲ್ಲೇ ಎಲ್ಲರ ಕ್ಷಮೆ ಕೇಳಿ ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದಳು. ಇವಳು ಟೋಪಿ ಸರಿಮಾಡಿಕೊಂಡಳು.

"ಸರಿ. ಮುಂದಿನ ವರ್ಷ ಇವ್ನೂ ಒಂದು ಹಾಕ್ಲಿ, ನಾನೂ ಒಂದು ಹಾಕ್ತೀನಿ" ಅಂದಳು.

ಇನ್ನೂ ಜೋರು ಚಪ್ಪಾಳೆ ಬಿತ್ತು. ಮರ್ವ್ ಮಾತ್ರ ತಟ್ಟಲಿಲ್ಲ.

ಆ ವರ್ಷವೆಲ್ಲ ಊರು ನೊಲೀನಳಿಗೆ ಕೋಡು ಮೂಡಿದ ಕಥೆಯನ್ನು ಚಪ್ಪರಿಸಿತು. ಮಾಂಸದಂಗಡಿಯಲ್ಲಿ ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಅವಳಿಗೆ ನೋವಾಗಲಿಲ್ಲ ಅಂದರೆ ಸುಳ್ಳು. ಎರಡು ಸಲ ನನ್ನ ಅಡಿಗೆಮನೆಯಲ್ಲಿ ಕೂತು ಅತ್ತಳು, ಅಂಥಾ ಮಾತು ಯಾಕಾದರೂ ಆಡಿದೆನೋ ಅಂತ. ಆದರೂ ಪ್ರತಿ ಭಾನುವಾರ ಅವಳ ಮನೆಯಿಂದ ಅಚ್ಚು ಬೀಳುವ ಧಪ್ ಅನ್ನುವ ಸದ್ದು ನನ್ನ ಹಿತ್ತಲಿಗೆ ಕೇಳುತ್ತಲೇ ಇತ್ತು. ಮರುವರ್ಷ ಆಗಸ್ಟ್ ಕೊನೆಗೆ ಮರ್ವ್ ನನ್ನ ಬೇಲಿಯ ಹತ್ತಿರ ಬಂದು, ಅತ್ತ ಇತ್ತ ನೋಡಿ, ದನಿ ತಗ್ಗಿಸಿದ.

"ಡಾಟ್, ಬೇಜಾರಿಲ್ಲ ಅಂದ್ರೆ ಒಂದು ಮಾತು. ಒಲೆಯಲ್ಲಿ ಐದು ಗುಂಡಿ ಇದಾವೆ. ಓವನ್‌ದು ಯಾವುದು?"

ಅರ್ಜಿ ಮುಗಿಯುವ ಬುಧವಾರ, ಯಾರೂ ಹೇಳದಿದ್ದರೂ, ಅವನು ಅರ್ಜಿ ಹಾಕದೆ ಗ್ರೇಡರ್ ತೆಗೆದುಕೊಂಡು ಎಪ್ಪತ್ತು ಮೈಲಿ ದೂರದ ರಸ್ತೆಗೆ ಹೋದ. ಅಷ್ಟು ಸಮವಾದ ರಸ್ತೆ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ನೊಲೀನ್ ಅವತ್ತು ಬೆಳಿಗ್ಗೆ ಹತ್ತಕ್ಕೇ ಬಂದಳು. ಹೆಸರಿನ ಜಾಗದಲ್ಲಿ 'ನೊಲೀನ್ ಐರಿಸ್ ಪ್ರಾಟ್' ಅಂತ, ಗೆರೆ ದಾಟಿ ಅಂಚಿನವರೆಗೂ ದೊಡ್ಡದಾಗಿ ಬರೆದಳು. ಬರೆದದ್ದನ್ನು ತಲೆ ಓರೆ ಮಾಡಿ ನೋಡಿದಳು.

"ಡಾಟ್, ಇದು ಸ್ವಲ್ಪ ಜಾಸ್ತಿ ಆಯ್ತಾ?"

"ಆಯ್ತು" ಅಂದೆ.

"ಇರ್ಲಿ ಬಿಡು" ಅಂದಳು.